ಮುಳುಗಿದ ಹಡಗೂ ಮೀನಿನ ಸಂಸಾರವೂ

ಮುಳುಗಿದ ಹಡಗಿನ ಸುತ್ತ ಮೀನುಗಳು ಬಂದು ಸೇರುತ್ತವೆ. ಇದು ಹೊಸ ಸಂಗತಿಯೇನೂ ಅಲ್ಲ. ಕಾರವಾರದ ಖಾರ್ವಿಯನ್ನೋ ಮಲ್ಪೆಯ ಮೊಗವೀರನನ್ನೋ ಕೇಳಿದರೆ, ಬಲೆ ಸಿಕ್ಕಿಕೊಂಡು ಹರಿಯುವ ಭಯ ಒಂದು ಕಡೆ, ದಪ್ಪ ಮೀನು ಸಿಕ್ಕೀತೆಂಬ ಆಸೆ ಇನ್ನೊಂದು ಕಡೆ ಇರುವ ಜಾಗ ಅದು ಎಂದು ಹೇಳಿ ಸುಮ್ಮನಾದಾನು. ಆದರೆ ಸಮುದ್ರಕ್ಕೆ ದೂರವಾಗಿ, ಘಟ್ಟದ ಮೇಲೆ, ಮಲೆನಾಡು ಮುಗಿದು ಎರೆಯ ಬಯಲು ತೊಡಗುವ ಧಾರವಾಡದಂಥ ಊರಿನಲ್ಲಿ ಕುಳಿತವರಿಗೆ ಈ ಸಂಗತಿ ಬರಿಯ ಮೀನಿನ ಸುದ್ದಿಯಾಗಿ ಉಳಿಯುವುದಿಲ್ಲ. ಕೂಡಲೆ ಅದು ದೃಷ್ಟಾಂತವಾಗಿ ಬಿಡುತ್ತದೆ. ಸಾವಿನ ಮಡಿಲಲ್ಲಿ ಬದುಕು ಚಿಗುರಿತು ಎನ್ನುತ್ತೇವೆ. ಕೆಟ್ಟದ್ದರಿಂದಲೂ ಒಳ್ಳೆಯದು ಹುಟ್ಟುತ್ತದೆ ಎಂದು ತಲೆದೂಗುತ್ತೇವೆ. ದೃಷ್ಟಾಂತದ ಚಟ ನಮಗೆ ಬಹಳ ಹಿಂದಿನದು. ಈ ಒಂದು ದೃಷ್ಟಾಂತವನ್ನಾದರೂ ತುಸು ತಡೆದು ನಿಲ್ಲಿಸಿ, ಅದು ಹೊರಲಾರದ ಭಾರವನ್ನು ನಾವು ಅದರ ಮೇಲೆ ಹೇರುತ್ತಿಲ್ಲವಷ್ಟೆ ಎಂದು ನೋಡಬೇಕೆಂಬುದು ನನ್ನ ಅಪೇಕ್ಷೆ.

ಮೊದಲು ಸಂಗತಿಯನ್ನೇ ನೋಡೋಣ. ನಮ್ಮ ಕರಾವಳಿಯ ಎದುರಿನ ಕಡಲತಳ ಬಹುಪಾಲು ಕೆಸರು ಇಲ್ಲವೆ ಮರಳು. ಕಾಳಿ, ಗಂಗಾವಳಿ, ಶರಾವತಿ, ನೇತ್ರಾವತಿಗಳು ಮಳೆಗಾಲ ಬಂತೆಂದರೆ ಘಟ್ಟದ ಮಣ್ಣನ್ನು ಹೊತ್ತು ತಂದು ಅಲ್ಲಿ ಸುರಿಯುತ್ತವೆ. ಸಿಂಪಿ, ನೀಲಿಕಲ್ಲು, ಸ್ಪಂಜು, ಹವಳ ಮೊದಲಾದ ಜೀವಿಗಳಿಗೆ ಕಚ್ಚಿಕೊಂಡು ಕೂರಲು ಗಟ್ಟಿಯಾದ ನೆಲೆ ಬೇಕು. ಅದು ಅವಕ್ಕೆ ದೊರೆಯುವುದು ನೇತ್ರಾಣಿ, ಅಂಜದೀವಿ, ಬಸವರಾಜದುರ್ಗ ಮೊದಲಾದ ದ್ವೀಪಗಳ ಬುಡದಲ್ಲಿ ಮತ್ತು ಅಲ್ಲೊಂದು ಇಲ್ಲೊಂದು ಬಂಡೆಯ ಮೇಲೆ. ಇಂಥ ಬಯಲಿನಲ್ಲಿ ಒಂದು ಹಡಗು ಮುಳುಗಿತೆಂದರೆ, ಮರವಿಲ್ಲದ ಬೀಳುಭೂಮಿಯಲ್ಲಿ ಒಂದೇ ರಾತ್ರಿ ನಾಲ್ಕು ಅಂತಸ್ತಿನ ವಾಡೆ ಎದ್ದು ನಿಂತಂತೆ.

ಹಡಗುಗಳು ಮುಳುಗದೆ ಇಲ್ಲ. 2007ರ ಮಳೆಗಾಲದಲ್ಲಿ ಎರಿಟ್ರಿಯಾ ದೇಶದ ‘ಡೆನ್ ಡೆನ್’ ಎಂಬ ಹಡಗು ಮಂಗಳೂರಿನ ಎದುರು ಮುಳುಗಿತು. 2022ರ ಜೂನ್ ತಿಂಗಳಿನಲ್ಲಿ ‘ಪ್ರಿನ್ಸೆಸ್ ಮಿರಾಲ್’ ಎಂಬ ಸರಕು ಹಡಗು, ಚೀನದ ತಿಯಾಂಜಿನ್ ಬಂದರಿನಿಂದ ಲೆಬನಾನಿಗೆ ಸುಮಾರು 8000 ಟನ್ ಉಕ್ಕಿನ ಸುರುಳಿಗಳನ್ನು ಒಯ್ಯುತ್ತಿದ್ದಾಗ, ತಳ ಒಡೆದು ಉಳ್ಳಾಲದ ಎದುರು ಸಿಕ್ಕಿಕೊಂಡಿತು. ಅದರಲ್ಲಿದ್ದ 15 ಜನ ಸಿರಿಯಾದ ನಾವಿಕರನ್ನು ಜೂನ್ 21ರಂದು ನಮ್ಮ ತಟರಕ್ಷಕ ಪಡೆ ಪಾರು ಮಾಡಿತು. ಹಡಗು ಮಾತ್ರ ಉಳಿಯಲಿಲ್ಲ.

ಮುಳುಗಿದ ಕಬ್ಬಿಣದ ಮೇಲೆ ಮೊದಲು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಲೋಳೆ ಹರಡುತ್ತದೆ. ಅದರ ಮೇಲೆ ಪಾಚಿ, ಪಾಚಿಯ ನಡುವೆ ಚಿಪ್ಪಿನ ಜೀವಿಗಳು, ಮುಂದೆ ಸ್ಪಂಜು, ಮೆದು ಹವಳ. ನೀರಿನ ಓಟಕ್ಕೆ ಅಡ್ಡವಾಗಿ ನಿಂತ ಹಡಗಿನ ಮರೆಯಲ್ಲಿ ಪ್ರವಾಹ ತಿರುಗಿ ಸುಳಿಯಾಗುತ್ತದೆ. ಆ ಸುಳಿಯಲ್ಲಿ ತೇಲುವ ಸಣ್ಣ ಜೀವಿಗಳು ನಿಲ್ಲುತ್ತವೆ. ಅವನ್ನು ತಿನ್ನಲು ಬೆರಳುದ್ದದ ಗಾಜಿನಂಥ ಮೀನುಗಳು ಸಾವಿರಗಟ್ಟಲೆ ಬರುತ್ತವೆ. ಅವು ಹಗಲೆಲ್ಲ ಹಡಗಿನ ಕೋಣೆಗಳಲ್ಲಿ ಪರದೆ ಇಳಿಬಿಟ್ಟಂತೆ ತೂಗಾಡುತ್ತಿದ್ದು ಇರುಳಾದ ಮೇಲೆ ಹೊರಬೀಳುತ್ತವೆ. ಅವುಗಳ ಹಿಂದೆ ಬೇಟೆಗಾರರು ಬರುತ್ತಾರೆ. ಕೊಳವೆಯ ಬಾಯಿಯಲ್ಲಿ ಹಾವುಮೀನು, ಕಂಬದ ನೆರಳಲ್ಲಿ ಸಿಂಹಮೀನು, ಹೊರಗಿನ ನೀಲಿಯಲ್ಲಿ ಸುತ್ತು ಹಾಕುವ ಬರಕುಡದ ಹಿಂಡು. ಎಲ್ಲಕ್ಕಿಂತ ಹಳೆಯ ಒಕ್ಕಲು ಎಂದರೆ ಮಂಗಳೂರ ಕಡೆ ‘ಮುರು’ ಎಂದೂ ಗೋವೆ–ಕಾರವಾರಗಳಲ್ಲಿ ‘ಗೋಬ್ರೊ’ ಎಂದೂ ಕರೆಯುವ ದಪ್ಪ ತುಟಿಯ ಮೀನು. ಒಂದು ಬಿಲ ಹಿಡಿದರೆ ಅದು ಸುಲಭವಾಗಿ ಬಿಡುವುದಿಲ್ಲ. ಈ ಕುಲದ ಬಹಳಷ್ಟು ಮೀನುಗಳು ಹೆಣ್ಣಾಗಿ ಬೆಳೆದು, ವಯಸ್ಸಾದ ಮೇಲೆ ಗಂಡಾಗುತ್ತವೆ. ಪುರಾಣದ ಇಳೆಯ ಕಥೆಯನ್ನು ನಂಬದವರು ಇದನ್ನಾದರೂ ನಂಬಬೇಕಾಗುತ್ತದೆ. ಆದ್ದರಿಂದ ಒಂದು ತಾಣದ ದೊಡ್ಡ ಮೀನುಗಳನ್ನೆಲ್ಲ ಹಿಡಿದು ಹಾಕಿದರೆ ಗಂಡುಗಳೇ ಇಲ್ಲವಾಗುವ ಸಂಭವ ಉಂಟು. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಗೋವೆಯಲ್ಲಿ ಗ್ರಾಂಡೆ ದ್ವೀಪದ ಹತ್ತಿರ ಮುಳುಗು ಹಾಕುವವರೆಲ್ಲರೂ ಹೋಗುವ ‘ಸೂಜೀಸ್ ರೆಕ್’ ಎಂಬ ಹಳೆಯ ಹಡಗಿನ ಅವಶೇಷ ಇದೆ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಅದರ ಬಳಿ ಇಳಿದು ಬಂದಿದ್ದ ಅವನು, ದೀಪಾವಳಿಗೆ ಮನೆಗೆ ಬಂದಾಗ ಎರಡು ದಿನ ಅದೇ ಮಾತಾಡಿದ. “ಮಾಮಾ, ಆ ಹಡಗಾ ಮುಳುಗಿದ್ದು ಛಲೋನ ಆತು ನೋಡು. ಇಲ್ಲಂದ್ರ ಅಲ್ಲೆ ಬರೇ ಉಸುಕ ಇರ್ತಿತ್ತು. ಈಗ ಎಷ್ಟು ಮೀನಿಗೆ ಮನಿ ಆಗ್ಯದ!” ಎಂದ. ಅಡಿಗೆಮನೆಯಲ್ಲಿದ್ದ ಅವನ ತಾಯಿ ಅಲ್ಲಿಂದಲೇ, “ಹಡಗಿನ್ಯಾಗ ಹೋದವರು ಯಾರರೆ ಇದ್ರ, ಅವರ ಮನ್ಯಾಗ ಹೋಗಿ ಈ ಮಾತು ಹೇಳಿ ಬಾ” ಎಂದಳು. ಹುಡುಗ ನಕ್ಕು ಸುಮ್ಮನಾದ. ನನಗೆ ಮಾತ್ರ ಅವಳ ಮಾತು ನಗುವಂಥದೆಂದು ತೋರಲಿಲ್ಲ.

ಕನ್ನಡದಲ್ಲಿ ಎರಡು ವಾಕ್ಯಗಳಿವೆ. ‘ಹಡಗು ಮುಳುಗಿದ ಮೇಲೆ ಮೀನು ಬಂದವು’ ಎಂಬುದು ಒಂದು. ‘ಹಡಗು ಮುಳುಗಿದ್ದರಿಂದ ಮೀನು ಬಂದವು’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಕಾಲದ ಕ್ರಮ ಮಾತ್ರ ಇದೆ. ಎರಡನೆಯದರಲ್ಲಿ ಕಾರ್ಯಕಾರಣ ಸಂಬಂಧ ಬಂದು ಕೂತಿದೆ. ಹುಡುಗನದು ಇವೆರಡನ್ನೂ ದಾಟಿದ ಮೂರನೆಯ ವಾಕ್ಯ: ‘ಹಡಗು ಮುಳುಗಿದ್ದು ಒಳ್ಳೆಯದಾಯಿತು.’ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ನಾವು ಎಷ್ಟು ಸಲೀಸಾಗಿ ಜಾರುತ್ತೇವೆಂದರೆ ಜಾರಿದ್ದು ತಿಳಿಯುವುದೇ ಇಲ್ಲ.

ನಮ್ಮ ನೈಯಾಯಿಕರು ಇಂಥ ಜಾರಿಕೆಯನ್ನು ತಡೆಯಲು ಒಂದು ಕತ್ತೆಯನ್ನು ಕಟ್ಟಿ ನಿಲ್ಲಿಸಿದ್ದಾರೆ. ಕುಂಬಾರ ಮಡಕೆ ಮಾಡುತ್ತಾನೆ. ಮಡಕೆಗೆ ಮಣ್ಣು ಕಾರಣ, ತಿಗರಿ ಕಾರಣ, ಕೋಲು ಕಾರಣ, ಕುಂಬಾರನೂ ಕಾರಣ. ಆದರೆ ಮಣ್ಣನ್ನು ಹೊತ್ತು ತಂದ ಕತ್ತೆ? ಅದೂ ಮಡಕೆಗಿಂತ ಮೊದಲೇ ಅಲ್ಲಿತ್ತು. ಆದರೂ ಅದು ಕಾರಣವಲ್ಲ, ‘ಅನ್ಯಥಾಸಿದ್ಧ’ ಎಂದು ಅವರು ತೀರ್ಮಾನ ಮಾಡಿದರು. ಮಣ್ಣು ಗಾಡಿಯ ಮೇಲೆ ಬರಬಹುದಾಗಿತ್ತು, ತಲೆಯ ಮೇಲೆ ಬರಬಹುದಾಗಿತ್ತು. ಕತ್ತೆಯೇ ಬೇಕೆಂಬ ನಿಯಮವೇನೂ ಇಲ್ಲ. ಈ ವಿವೇಕವನ್ನು ನಮ್ಮ ಹಡಗಿಗೆ ಹಚ್ಚಿ ನೋಡಿರಿ. ಮೀನಿಗೆ ಬೇಕಾದುದು ಗಟ್ಟಿಯಾದ ನೆಲೆ, ಮರೆ, ಪ್ರವಾಹಕ್ಕೆ ತಡೆ. ಬಂಡೆಯಿಂದ ಅದು ಆಗುತ್ತಿತ್ತು; ಸಿಮೆಂಟಿನ ದಿಮ್ಮಿಯಿಂದಲೂ ಆಗುತ್ತದೆ. ಬಿರುಗಾಳಿ, ತಳ ಒಡೆದದ್ದು, ನೀರಿಗೆ ಸೋರಿದ ಎಣ್ಣೆ, ಕತ್ತಲೆಯಲ್ಲಿ ಮನುಷ್ಯರು ಕೂಗಿಕೊಂಡದ್ದು, ಇವು ಯಾವುವೂ ಮೀನಿಗೆ ಬೇಕಾಗಿರಲಿಲ್ಲ. ಅನಾಹುತದಲ್ಲಿ ಅನಾಹುತವೆನಿಸುವ ಅಂಶವೆಲ್ಲ ಇಲ್ಲಿ ಕುಂಬಾರನ ಕತ್ತೆ. ಮೀನಿನ ಸಂಸಾರಕ್ಕೆ ನಾವು ಸಂತೋಷಪಡಬಹುದು. ಆ ಸಂತೋಷದ ಪಾಲನ್ನು ಕತ್ತೆಯ ಮುಂದೆ ಒಯ್ದು ಇಡುವ ಅಗತ್ಯವಿಲ್ಲ.

ಇದು ತರ್ಕದ ಮಾತಾಯಿತು. ಅಂತಃಕರಣಕ್ಕೆ ತರ್ಕ ಸಾಲದು ಎನ್ನುವವರಿದ್ದಾರೆ. ಅವರು ಹೇಳುವುದರಲ್ಲಿ ತಥ್ಯವಿದೆ. ದುಃಖದಲ್ಲಿರುವವನಿಗೆ ಏನಾದರೊಂದು ಸಮಾಧಾನ ಬೇಕು. ಮುಳುಗಿ ಹೋದದ್ದು ಸಂಪೂರ್ಣ ವ್ಯರ್ಥವಾಗಲಿಲ್ಲ ಎಂಬ ಭಾವನೆಯನ್ನು ಅವನಿಂದ ಏಕೆ ಕಸಿಯಬೇಕು? ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕದಲ್ಲಿ ಹಡಗು ಒಡೆದು ದಡ ಸೇರಿದ ರಾಜಕುಮಾರನ ಕಿವಿಗೆ ಏರಿಯಲ್ ಎಂಬ ಗಾಳಿಯ ಜೀವ ಒಂದು ಹಾಡು ಹಾಡುತ್ತದೆ. ಮುಳುಗಿದ ತಂದೆಯ ದೇಹ ಕಡಲತಳದಲ್ಲಿ ಹವಳವಾಗಿ ಮುತ್ತಾಗಿ ಮಾರ್ಪಟ್ಟಿದೆ ಎಂಬುದು ಅದರ ಭಾವ. ಕಾಲೇಜಿನಲ್ಲಿ ಇದನ್ನು ಓದಿದವರು ಈ ಜನ್ಮದಲ್ಲಿ ಮರೆಯಲಾರರು. ಆದರೆ ನಾಟಕದ ಕಥೆಯನ್ನು ಒಂದು ಸಲ ಜ್ಞಾಪಿಸಿಕೊಳ್ಳಿರಿ. ಆ ತಂದೆ ಸತ್ತೇ ಇಲ್ಲ. ಅದೇ ದ್ವೀಪದ ಇನ್ನೊಂದು ಮಗ್ಗುಲಲ್ಲಿ, ಮಗನೇ ಸತ್ತನೆಂದು ಅಳುತ್ತ ಅಲೆಯುತ್ತಿದ್ದಾನೆ. ನಾಶವನ್ನು ಸೌಂದರ್ಯವಾಗಿ ತೋರಿಸುವ ಹಾಡುಗಳಲ್ಲಿ ಬಹುಶಃ ಎಲ್ಲಕ್ಕಿಂತ ಸುಂದರವಾದದ್ದು, ಯಾರೂ ಸಾಯದ ಒಂದು ಹಡಗೊಡೆತಕ್ಕೆ ಸಂಬಂಧಿಸಿದ್ದು! ಕವಿ ಇದನ್ನು ತಿಳಿದೇ ಮಾಡಿದನೆಂದು ನನ್ನ ಊಹೆ.

ನಿಜವಾಗಿ ಸತ್ತಿದ್ದರೆ ಹೇಗೆ? 1971ರ ಡಿಸೆಂಬರ್ 9ರ ರಾತ್ರಿ ದೀವ್ ಬಂದರಿನ ಆಚೆ, ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿಯ ಏಟಿಗೆ ನಮ್ಮ ‘ಖುಕ್ರಿ’ ಯುದ್ಧನೌಕೆ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ಸಹಿತ 18 ಜನ ಅಧಿಕಾರಿಗಳೂ 176 ಜನ ನಾವಿಕರೂ ಅದರೊಂದಿಗೆ ಹೋದರು. ಕಡಲಿನ ನಿಯಮ ಎಲ್ಲ ಕಡೆಗೂ ಒಂದೇ. ಅಲ್ಲಿಯೂ ಲೋಳೆ ಹರಡಿರಬೇಕು, ಚಿಪ್ಪು ಕಚ್ಚಿರಬೇಕು, ಗೋಬ್ರೊ ಬಿಲ ಹಿಡಿದಿರಬೇಕು. ದೀವ್‌ನಲ್ಲಿ ಸಮುದ್ರಕ್ಕೆ ಮುಖ ಮಾಡಿ ಗಾಜಿನ ಮನೆಯಲ್ಲಿ ಆ ಹಡಗಿನ ಮಾದರಿಯನ್ನು ಸ್ಮಾರಕವಾಗಿ ಇಟ್ಟಿದ್ದಾರೆ. ಅದರ ಎದುರು ನಿಂತ ಒಬ್ಬ ವಿಧವೆಗೆ, ‘ತಾಯಿ, ಕೆಳಗೆ ಮೀನು ಬಹಳ ಸೇರಿವೆ’ ಎಂದು ಹೇಳುವ ಎದೆ ನಮ್ಮಲ್ಲಿ ಯಾರಿಗಿದೆ? ಅವಳಾಗಿಯೇ ಹೇಳಿದರೆ ಮಾತು ಬೇರೆ. ಅವಳು ಹಾಗೆಂದರೆ ನಾವು ತಲೆ ಬಾಗಿ ಕೇಳಬೇಕು. ಮಾತು ಅದೇ, ಸಂಗತಿಯೂ ಅದೇ. ಆದರೆ ಬೆಲೆ ತೆತ್ತವರ ಬಾಯಿಂದ ಬಂದಾಗ ಅದು ಸಮಾಧಾನ, ದಡದ ಮೇಲೆ ನಿಂತವರ ಬಾಯಿಂದ ಬಂದಾಗ ಬೇರೆ ಏನೋ. ಅದಕ್ಕೆ ಹೆಸರು ಇಡಲು ನಾನು ಹೋಗುವುದಿಲ್ಲ.

ಸಮುದ್ರಕ್ಕೇ ಹೋಗಬೇಕೆಂದಿಲ್ಲ. ಹುಬ್ಬಳ್ಳಿ–ಧಾರವಾಡದ ಜನ ರಜೆಯ ದಿನ ಬುತ್ತಿ ಕಟ್ಟಿಕೊಂಡು ಮುಂಡಗೋಡಕ್ಕೆ ಹೋಗಿ ಬರುತ್ತಾರೆ. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ಮೇಲೆ, ಅವರ ಹಿಂದೆ ಮನೆ ಮಾರು ಬಿಟ್ಟು ಬಂದ ಟಿಬೇಟಿನ ಜನರಿಗಾಗಿ 1966ರಲ್ಲಿ ಅಲ್ಲಿ ವಸತಿ ಆರಂಭವಾಯಿತು. ಡ್ರೆಪುಂಗ್, ಗಾಂಡೆನ್ ಎಂಬ ಅವರ ಪ್ರಾಚೀನ ವಿಹಾರಗಳು ಅಲ್ಲಿಯೇ ಮತ್ತೆ ತಲೆಯೆತ್ತಿದವು. ಬಣ್ಣದ ಕಂಬಗಳು, ಬುದ್ಧನ ದೊಡ್ಡ ಮೂರ್ತಿ, ಅಂಗಳದಲ್ಲಿ ಕೈ ತಟ್ಟಿ ವಾದ ಮಾಡುವ ತರುಣ ಭಿಕ್ಷುಗಳು, ಇದನ್ನೆಲ್ಲ ನೋಡಿ ಸಂತೋಷಪಡುವುದರಲ್ಲಿ ತಪ್ಪಿಲ್ಲ. ಆದರೆ ‘ಟಿಬೇಟು ಹೋದದ್ದು ನಮಗೆ ಒಳ್ಳೆಯದೇ ಆಯಿತು’ ಎಂದು ಅವರ ಮುಂದೆ ಯಾರೂ ಅನ್ನುವುದಿಲ್ಲ. ಅಲ್ಲಿ ನಮ್ಮ ನಾಲಿಗೆಗೆ ತಾನಾಗಿ ಬರುವ ಸಂಕೋಚ ಹಡಗಿನ ವಿಷಯದಲ್ಲಿ ಬರುವುದಿಲ್ಲ. ಮೀನು ನಮ್ಮ ಮುಖ ನೋಡಿ ಮಾತು ಕೇಳಿಸಿಕೊಳ್ಳುವುದಿಲ್ಲ ಎಂಬುದೊಂದೇ ಇದಕ್ಕೆ ಕಾರಣವೆಂದು ತೋರುತ್ತದೆ.

ಇನ್ನು, ಮೀನಿಗಾದರೂ ಒಳಿತಾಯಿತೆ? ಇದನ್ನು ನಾವು ಪ್ರಶ್ನೆಯೇ ಅಲ್ಲವೆಂದು ಬಿಟ್ಟುಬಿಡುತ್ತೇವೆ. ಕಡಲನ್ನು ಬಲ್ಲವರು ಬಿಟ್ಟಿಲ್ಲ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯ ಕಾರವಾರದ ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರದ ವಿಭಾಗವನ್ನು ತೆರೆದದ್ದರಿಂದ ಘಟ್ಟದ ಮೇಲಿನವರಿಗೂ ಈ ಶಾಸ್ತ್ರದ ಗಾಳಿ ತುಸು ಬೀಸಿದೆ. ಮುಳುಗಿದ ಹಡಗು ಮೀನನ್ನು ಬೆಳೆಸುತ್ತದೆಯೋ ಬರಿದೆ ಕೂಡಿಸುತ್ತದೆಯೋ ಎಂದು ವಿಜ್ಞಾನಿಗಳು ದಶಕಗಳಿಂದ ವಾದ ಮಾಡುತ್ತಿದ್ದಾರೆ. ಸಂತೆಯ ದಿನ ಪೇಟೆಯಲ್ಲಿ ಜನ ಹೆಚ್ಚು ಕಂಡರೆ ಜಿಲ್ಲೆಯ ಜನಸಂಖ್ಯೆ ಹೆಚ್ಚಿತೆಂದು ನಾವು ಬಗೆಯುತ್ತೇವೆಯೆ? ಅಲ್ಲಲ್ಲಿ ಚದರಿದ್ದವರು ಒಂದೆಡೆ ಸೇರಿದರು, ಅಷ್ಟೆ. ಕೆಲವು ಜಾತಿಯ ಮೀನುಗಳಿಗೆ ಹಡಗಿನಲ್ಲಿ ನಿಜವಾಗಿ ಮರಿ ಉಳಿಯುವ ಆಸರೆ ಸಿಗುತ್ತದೆ. ಇನ್ನು ಕೆಲವು ಬೇರೆ ಕಡೆ ಇದ್ದವು ಇಲ್ಲಿ ಬಂದು ಕೂಡುತ್ತವೆ. ಕೂಡಿದ್ದನ್ನು ಹಿಡಿಯುವುದು ಚದರಿದ್ದನ್ನು ಹಿಡಿಯುವುದಕ್ಕಿಂತ ಸುಲಭ. ಗಾಳ ಹಿಡಿದವನಿಗೆ ವಿಳಾಸ ಗೊತ್ತಾಗಿ ಬಿಡುತ್ತದೆ. ಹೆಣ್ಣಾಗಿದ್ದು ಗಂಡಾದ ಆ ಹಳೆಯ ಮುರು ಮೀನು ಮೊದಲು ಹೋಗುತ್ತದೆ. ಹಡಗಿನ ಕಬ್ಬಿಣಕ್ಕೆ ಸಿಕ್ಕಿ ಹರಿದು ಉಳಿದ ಬಲೆಗಳು ಹಿಡಿಯುವವನಿಲ್ಲದಿದ್ದರೂ ಹಿಡಿಯುತ್ತಲೇ ಇರುತ್ತವೆ.

ಆಸರೆಯೇ ಬೋನಾಗುವ ಪರಿಗೆ ನಮ್ಮ ಕರಾವಳಿಯಲ್ಲೇ ಒಂದು ಉದಾಹರಣೆ ಇದೆ. ಕಪ್ಪೆ ಬೊಂಡಾಸ್ ಎಂಬ ಪ್ರಾಣಿ ಮೊಟ್ಟೆ ಇಡಲು ನೀರಿನಲ್ಲಿ ಯಾವುದಾದರೂ ಗಟ್ಟಿ ವಸ್ತುವನ್ನು ಹುಡುಕುತ್ತದೆ. ಇದನ್ನು ಕಂಡುಕೊಂಡ ಮೀನುಗಾರರು ತೆಂಗಿನ ಒಣಗಿದ ಗೊನೆದಂಟುಗಳನ್ನು ಹಗ್ಗಕ್ಕೆ ಸಾಲಾಗಿ ಕಟ್ಟಿ, ಕೆಳಗೆ ಮರಳಿನ ಚೀಲದ ಭಾರ ಹಾಕಿ ಕಡಲಿಗೆ ಬಿಡುತ್ತಾರೆ. ತಾಯಿ ಬೊಂಡಾಸ್ ಅದನ್ನು ಬಾಣಂತಿಕೋಣೆ ಎಂದು ತಿಳಿದು ಬರುತ್ತದೆ. ದ್ರಾಕ್ಷಿಯ ಗೊಂಚಲಿನಂತೆ ಮೊಟ್ಟೆಗಳನ್ನು ಅದಕ್ಕೆ ಅಂಟಿಸುತ್ತದೆ. ಅಲ್ಲಿಯೇ ಗಾಳಕ್ಕೆ ಸಿಗುತ್ತದೆ. ಹೊಟ್ಟೆಪಾಡಿನ ಮೀನುಗಾರನ ಮೇಲೆ ದೋಷ ಹೊರಿಸಲು ನಾನು ಇದನ್ನು ಹೇಳುತ್ತಿಲ್ಲ. ಮೊಟ್ಟೆಗೆ ನೆಲೆ ಸಿಕ್ಕಿತಲ್ಲ ಎಂದು ದೂರದಿಂದ ನೋಡಿ ಹಿಗ್ಗುವವನು ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿದೆ ಎಂದೂ ನೋಡಲಿ ಎಂದು ಹೇಳಿದೆ.

ಆಕಸ್ಮಿಕವಾಗಿ ಮುಳುಗಿದ್ದನ್ನು ಕಂಡು ‘ಒಳ್ಳೆಯದಾಯಿತು’ ಎನ್ನುವ ನಾಲಿಗೆ ಅಲ್ಲಿಗೇ ನಿಂತರೆ ಅಂಥ ಹಾನಿ ಇಲ್ಲ. ಅದು ನಿಲ್ಲುವುದಿಲ್ಲ, ‘ಹಾಗಾದರೆ ನಾವೇ ಮುಳುಗಿಸೋಣ’ ಎನ್ನುತ್ತದೆ. 2006ರ ಮೇ 17ರಂದು ಅಮೆರಿಕದವರು ‘ಒರಿಸ್ಕನಿ’ ಎಂಬ ಹಳೆಯ ವಿಮಾನವಾಹಕ ನೌಕೆಯನ್ನು ಫ್ಲಾರಿಡಾ ರಾಜ್ಯದ ಪೆನ್ಸಕೋಲದ ಎದುರು ಮದ್ದಿಟ್ಟು ಮುಳುಗಿಸಿದರು. ಮೀನೂ ಬಂದವು, ಮುಳುಗುಗಾರರೂ ಬಂದರು. ಹಡಗಿನ ತಂತಿಗಳ ಹೊದಿಕೆಯಲ್ಲಿ ಪಿ.ಸಿ.ಬಿ. ಎಂಬ ವಿಷ ಉಳಿದಿತ್ತೆಂಬುದನ್ನೂ ಇದರ ಜೊತೆಗೆ ಹೇಳಬೇಕು. ಅದೇ ರಾಜ್ಯದಲ್ಲಿ 1972ರ ಹೊತ್ತಿಗೆ ಇಪ್ಪತ್ತು ಲಕ್ಷದಷ್ಟು ಹಳೆಯ ಮೋಟಾರು ಟಯರುಗಳನ್ನು ಕಟ್ಟು ಕಟ್ಟಿ ಮೀನಿನ ಮನೆಯೆಂದು ಸಮುದ್ರಕ್ಕೆ ಹಾಕಿದ್ದರು. ಕಟ್ಟು ಬಿಚ್ಚಿತು, ಟಯರುಗಳು ಅಲೆಗೆ ಉರುಳಾಡಿ ಹತ್ತಿರದಲ್ಲಿ ನಿಜವಾಗಿ ಇದ್ದ ಹವಳವನ್ನೇ ಉಜ್ಜಿ ಕೊಂದವು. ಮುಂದೆ ಸೈನ್ಯದ ಮುಳುಗುಗಾರರು ಇಳಿದು ಒಂದೊಂದಾಗಿ ಎತ್ತಬೇಕಾಯಿತು. ಕಸವನ್ನು ಕಸವೆಂದು ಕರೆಯಲು ಮನಸ್ಸಿಲ್ಲದವರು ಅದನ್ನು ಪರೋಪಕಾರವೆಂದು ಕರೆದುಕೊಂಡಿದ್ದರು. ಹಡಗೆಂದರೆ ಮೀನಿಗೆ ಯಾವಾಗಲೂ ವರವೆಂದೂ ಅಲ್ಲ. ಪೆಸಿಫಿಕ್ ಸಾಗರದ ಪಾಲ್ಮೈರಾ ಎಂಬ ಹವಳದ್ವೀಪದಲ್ಲಿ 1991ರಲ್ಲಿ ಒಂದು ಮೀನುಗಾರಿಕೆಯ ಹಡಗು ಬಂಡೆಗೆ ಬಡಿದು ಕೂತಿತು. ಅದರ ಸುತ್ತ ಹವಳದ ದಾಯಾದಿಯಂಥ ಒಂದು ಜೀವಿ ಮಿತಿಮೀರಿ ಹಬ್ಬಿ ಹಳೆಯ ಹವಳವನ್ನೆಲ್ಲ ಮುಚ್ಚಿಹಾಕಿತು. ಕಬ್ಬಿಣ ಕರಗಿದ ನೀರು ಅದಕ್ಕೆ ಗೊಬ್ಬರವಾಯಿತೆಂದು ಊಹೆ. ಕೊನೆಗೆ 2013–14ರಲ್ಲಿ ಹಡಗನ್ನು ತುಂಡು ಮಾಡಿ ಹೊರಗೆ ಸಾಗಿಸಿದರು.

‘ಮುಳುಗಿಸೋಣ’ ಎಂಬ ಮಾತು ನಮಗೂ ಹೊರಗಿನದಲ್ಲ. ಕಾಳಿಯ ನೀರಿಗೆ ಸೂಪಾದಲ್ಲಿ ಒಡ್ಡು ಹಾಕಿ 1980ರ ದಶಕದಲ್ಲಿ ಒಂದು ತಾಲೂಕಿನ ಮುಖ್ಯ ಊರನ್ನೇ ನೀರಿಗೆ ಕೊಟ್ಟೆವು. ಅಲ್ಲಿಯ ಜನರಲ್ಲಿ ಬಹಳ ಮಂದಿ ರಾಮನಗರಕ್ಕೆ ಬಂದು ನೆಲೆಸಿದರು. ಕಚೇರಿಗಳು ಜೊಯಿಡಾಕ್ಕೆ ಹೋದವು. ಊರಿನ ಮೇಲೆ ಈಗ ಜಲಾಶಯವಿದೆ, ಜಲಾಶಯದಲ್ಲಿ ಮೀನಿವೆ, ನದಿಯ ಇಳಿಜಾರಿನಲ್ಲಿ ವಿದ್ಯುತ್ತಿದೆ. ಈ ಲೇಖನ ಬರೆಯುವ ಮೇಜಿನ ದೀಪಕ್ಕೂ ಅದರಲ್ಲಿ ಪಾಲಿದ್ದೀತು. ಒಡ್ಡು ಬೇಡವಾಗಿತ್ತು ಎಂದು ಹೇಳುವಷ್ಟು ಧೈರ್ಯ ನನಗಿಲ್ಲ, ಹೇಳಿದರೆ ದೀಪ ಆರಿಸಿ ಹೇಳಬೇಕು. ಆದರೆ ಸೂಪಾ ‘ಮುಳುಗಿದ್ದು’ ಒಳ್ಳೆಯದಾಯಿತು ಎನ್ನುವುದು ಬೇರೆ, ಸೂಪಾದವರು ಮುಳುಗಿ ನಮಗೆ ಬೆಳಕು ‘ಕೊಟ್ಟರು’ ಎನ್ನುವುದು ಬೇರೆ. ಎರಡನೆಯ ಮಾತಿನಲ್ಲಿ ಸಾಲ ಒಪ್ಪಿಕೊಂಡಂತಾಗುತ್ತದೆ. ಮೊದಲನೆಯ ಮಾತು ಸಾಲಪತ್ರವನ್ನು ಹರಿದು ಹಾಕುತ್ತದೆ. ರಾಮನಗರದಲ್ಲಿ ಕೊಳಾಯಿಗೆ ನೀರು ಬಂತೇ ಎಂದು ಕೇಳುವ ಗೊಡವೆಯೂ ಅದಕ್ಕೆ ಉಳಿಯುವುದಿಲ್ಲ.

ಕಡೆಗೆ ನೇತ್ರಾಣಿಯ ಮಾತು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಯಾವ ಹಡಗೂ ಮುಳುಗುವ ಮೊದಲಿನಿಂದ ಮೀನಿನ ಸಂಸಾರಕ್ಕೆ ಮನೆಯಾಗಿ ನಿಂತ ಬಂಡೆ ಅದು. ಅದರ ಬುಡದಲ್ಲಿ ಹವಳವಿದೆ, ಗಿಳಿಮೀನು, ಚಿಟ್ಟೆಮೀನು, ಮುರು, ಬರಕುಡ ಎಲ್ಲ ಇವೆ. ಮೇಲೆ ಕಡಲ ಹದ್ದು ಗೂಡು ಕಟ್ಟುತ್ತದೆ. ಕರಾವಳಿಯ ಜನ ದೋಣಿಯಲ್ಲಿ ಹೋಗಿ ಪೂಜೆ ಮಾಡಿ ಬರುತ್ತಾರೆ. ನೋಡಬೇಕೆನ್ನುವವರು ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಅಲ್ಲಿಯೂ ಮುಳುಗು ಹಾಕುತ್ತಾರೆ. ಈ ಬಂಡೆಯನ್ನು ನಮ್ಮ ನೌಕಾಪಡೆ ಬಹಳ ವರ್ಷ ಗುಂಡಿನ ಗುರಿಯ ಅಭ್ಯಾಸಕ್ಕೆ ಬಳಸಿತು. ನಿಸರ್ಗದ ಅಭ್ಯಾಸಿಗಳೂ ಮೀನುಗಾರರೂ ಅದನ್ನು ವಿರೋಧಿಸಿದರು. ದೇಶದ ರಕ್ಷಣೆಗೆ ಗುರಿ ಬೇಕೆಂಬುದನ್ನು ನಾನು ಅಲ್ಲಗಳೆಯಲಾರೆ. ಆ ಗುರಿ ಇದೇ ಆಗಬೇಕಾಗಿತ್ತೆ ಎಂದು ಕೇಳುವ ಹಕ್ಕು ಮಾತ್ರ ಅವರಿಗಿತ್ತು. ಬಂಡೆಯ ಬುಡದಲ್ಲಿ ಗುಂಡಿನ ಲೋಹದ ತುಂಡುಗಳೂ ಬಿದ್ದಿರಬೇಕು. ಬೆರಳುದ್ದದ ಮೀನಿಗೆ ಲೋಹದ ಇತಿಹಾಸ ತಿಳಿಯದು. ಅವುಗಳ ಮರೆಯಲ್ಲೂ ನಾಲ್ಕು ಮೀನು ಬಂದು ನಿಂತಿದ್ದಾವು, ಪಕ್ಕದಲ್ಲಿ ಒಡೆದ ಹವಳ ಬೆಳ್ಳಗೆ ಬಿದ್ದಿರುವಾಗ.